ಹಿಂದಿನ ಸೀಟು ಖಾಲಿಯಿದ್ದಾಗ

"ಬುದ್ಧಿ, ನನ್ನ ಸಿಟ್ಟು ಸತ್ತುಹೋಗಿದೆ. ಮಕ್ಕಳ ಹೊಣೆಯನ್ನು ಇನ್ನೂ ಏಕೆ ನನಗೆ ಒಪ್ಪಿಸುತ್ತಿಲ್ಲ?" ಎಂದು ಮರುಳಯ್ಯ ಗುರುಗಳನ್ನು ಕೇಳಿದ.

ಮಠದ ವಿದ್ಯಾರ್ಥಿನಿಲಯದಲ್ಲಿ ಇನ್ನೂರು ಮಕ್ಕಳಿದ್ದರು. ಹಿಂದೆ ಅವರನ್ನು ನೋಡಿಕೊಳ್ಳುತ್ತಿದ್ದವನು ಮರುಳಯ್ಯನೇ. ಒಂದು ದಿನ ಸಿಟ್ಟಿನಲ್ಲಿ ಒಂದು ಮಗುವಿಗೆ ಹೊಡೆದ. ಹೊಡೆದ ಕೈಯನ್ನು ನೋಡಿ ತಾನೇ ಬೆಚ್ಚಿ, ಗುಡ್ಡದ ಮೇಲಿನ ಗವಿ ಸೇರಿದ. ಹನ್ನೊಂದು ವರ್ಷ ಅಲ್ಲಿ ಒಬ್ಬನೇ ಇದ್ದ. ಒಮ್ಮೆಯೂ ಅವನಿಗೆ ಸಿಟ್ಟು ಬರಲಿಲ್ಲ. ಈಗ ಇಳಿದು ಬಂದಿದ್ದ.

ಗುರುಗಳು ಅವನನ್ನು ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಗಡಿಯಾರ ರಿಪೇರಿಯವನಿದ್ದ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಅವನಿಗೆ ಅನ್ನ ಸೇರುತ್ತಿರಲಿಲ್ಲ. ಅವನ ಹೆಂಡತಿಗೆ ಇದ್ದದ್ದು ಒಂದೇ ಆಸೆ: ಕಾಲಲ್ಲಿ ಶಕ್ತಿಯಿರುವಾಗಲೇ ಹಿಮದ ಮೇಲೆ ನಾಲ್ಕು ಹೆಜ್ಜೆ ನಡೆಯಬೇಕು. ಗಂಡ ಒಪ್ಪಿದ. ಮೋಟಾರ್ ಸೈಕಲ್ಲಿನಲ್ಲೇ ಹೋಗಿಬರೋಣ ಎಂದ. ಮೂರು ಸಾವಿರ ಕಿಲೋಮೀಟರಿನ ದಾರಿ.

ಗಾಡಿ ಸಜ್ಜುಮಾಡಲು ಅವನು ಪಟ್ಟ ಪಾಡು ಮಗಳ ಮದುವೆಗೂ ಯಾರೂ ಪಡುವುದಿಲ್ಲ. ಎರಡೂ ಟೈರು ಹೊಸದು ಹಾಕಿಸಿದ. ಕ್ಲಚ್ ಕೇಬಲ್ ದಾರಿಯಲ್ಲಿ ಹರಿದರೆ ಇರಲಿ ಎಂದು ಅದರ ಪಕ್ಕದಲ್ಲೇ ಇನ್ನೊಂದನ್ನು ಕಟ್ಟಿದ. ಪೆಟ್ರೋಲ್ ಕ್ಯಾನಿಗೆ, ಗುಡಾರಕ್ಕೆ, ಹಾಸಿಗೆಗೆ ಕಬ್ಬಿಣದ ಸ್ಟ್ಯಾಂಡು ಮಾಡಿಸಿದ. ಕೊನೆಗೆ ಗಾಡಿಯನ್ನು ಮೆಕ್ಯಾನಿಕ್‌ಗೆ ತೋರಿಸಿ ತಂದ. ಮನೆಗೆ ಬಂದು ನೋಡಿದರೆ, ಚೈನು ಜೋತುಬಿದ್ದಿತ್ತು! ಎರಡು ಬೆರಳಿನಷ್ಟು ಮೇಲೆ ಕೆಳಗೆ ಆಡುತ್ತಿತ್ತು. ಓಡೋಡಿ ಹೋಗಿ ಮೆಕ್ಯಾನಿಕ್‌ನನ್ನು ಕೇಳಿದ.

"ಅದು ಹಂಗೇ ಇರ್ಲಿ ಸಾರ್, ಮುಟ್ಬೇಡಿ" ಎಂದ ಮೆಕ್ಯಾನಿಕ್, ತಲೆಯೆತ್ತದೆ.

ಯಾಕೆ ಎಂದು ಇವನು ಕೇಳಲಿಲ್ಲ. ಕೈಗೆಲಸದಲ್ಲಿ ತನಗೆ ಬುದ್ಧಿ ಹೇಳುವವರು ಇನ್ನೂ ಹುಟ್ಟಿಲ್ಲ ಎಂಬುದು ಅವನ ಎಣಿಕೆ. ಮನೆಗೆ ಬಂದು, ಸ್ಪ್ಯಾನರ್ ಹಿಡಿದು, ಚೈನನ್ನು ತಾನೇ ಬಿಗಿ ಮಾಡಿದ. ಆಮೇಲೆ ಇಪ್ಪತ್ತು ದಿನ ಬೆಳಿಗ್ಗೆ ಗಾಡಿ ಓಡಿಸಿ ನೋಡಿದ. ಒಂದು ಸದ್ದಿಲ್ಲ, ಒಂದು ಅಲುಗಾಟವಿಲ್ಲ. ಹೆಂಡತಿ ದಿನಾ ಬಾಗಿಲಲ್ಲಿ ನಿಂತು, "ನಾನೂ ಬರ್ಲಾ?" ಎಂದು ಕೇಳುತ್ತಿದ್ದಳು. "ಬೇಡ, ಭಾರ ಹೆಚ್ಚಾದರೆ ಪರೀಕ್ಷೆ ಕೆಡುತ್ತೆ" ಎನ್ನುತ್ತಿದ್ದ ಈ ಪುಣ್ಯಾತ್ಮ.

ಹೊರಡುವ ದಿನ ಬಂತು. ಸಾಮಾನೆಲ್ಲ ಏರಿತು. ಹೆಂಡತಿ ಕೂತಳು. ಗಾಡಿಯ ಹಿಂಭಾಗ ಕುಗ್ಗಿತು. ಮೂರನೆಯ ದಿನ, ಇಳಿಜಾರಿನ ರಸ್ತೆಯಲ್ಲಿ ಚಕ್ರ ಒಂದು ಗುಂಡಿಗೆ ಇಳಿದದ್ದೇ ತಡ, ಫಟ್ಟೆಂದು ಚೈನು ತುಂಡಾಯಿತು. ತುಂಡಾದದ್ದು ಹಿಂದಿನ ಚಕ್ರಕ್ಕೆ ಸುತ್ತಿಕೊಂಡು, ಚಕ್ರ ನಿಂತೇಹೋಯಿತು. ಅವನು ಎದ್ದು ನೋಡಿದಾಗ ಹೆಂಡತಿ ಹತ್ತು ಮಾರು ಆಚೆ ಬಿದ್ದಿದ್ದಳು. ಅವಳ ಎಡಗಾಲು, ಕಾಲು ತಿರುಗಬಾರದ ಕಡೆಗೆ ತಿರುಗಿತ್ತು. ನಾನೇ ಬಿಗಿ ಮಾಡಿದ್ದೆ, ಇಪ್ಪತ್ತು ದಿನ ಒಂದು ಸದ್ದಿರಲಿಲ್ಲ, ಒಂದು ಸದ್ದಿರಲಿಲ್ಲ ಎಂದು ಅದನ್ನೇ ಬಡಬಡಿಸುತ್ತ ಅವನು ನಿಂತ.

ಪಕ್ಕದಲ್ಲಿ ಪಂಕ್ಚರ್ ಅಂಗಡಿಯ ಮುದುಕನೊಬ್ಬನಿದ್ದ. ಓಡಿಬಂದು ಅವಳ ಕಾಲಿಗೆ ಎರಡು ಮರದ ಪಟ್ಟಿ ಕಟ್ಟಿದ, ಒಂದು ಜೀಪು ನಿಲ್ಲಿಸಿದ. ಆಮೇಲೆ ತುಂಡಾದ ಚೈನನ್ನು ಕೈಯಲ್ಲಿ ಹಿಡಿದು ನೋಡಿದ.

"ಭಾರ ಬಿದ್ದ ಮೇಲೆ ಚೈನು ತಾನಾಗೇ ಬಿಗಿಯಾಗ್ತದೆ. ಅದಕ್ಕೇ ಸಡಿಲ ಬಿಡೋದು. ನೀವು ಬಿಗಿ ಮಾಡಿ ನೋಡ್ದಾಗ ಹಿಂದೆ ಯಾರು ಕೂತಿದ್ರು?" ಎಂದು ಕೇಳಿದ.

ಉತ್ತರ ಕೊಟ್ಟವಳು ನೆಲದ ಮೇಲೆ ಮಲಗಿದ್ದ ಹೆಂಡತಿ: "ನಾನು ದಿನಾ ಕೇಳ್ದೆ. ಇವರೇ ಬೇಡ ಅಂದ್ರು."

ಅವಳು ಬದುಕಿದಳು. ಆದರೆ ಆ ಕಾಲು ಮತ್ತೆ ನೆಲದ ಮೇಲೆ ನೆಟ್ಟಗೆ ಊರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಮರುಳಯ್ಯ ಅಷ್ಟರಲ್ಲಿ ಎದ್ದು ನಿಂತಿದ್ದ. ಅವನ ಮುಖ ಕೆಂಪೇರಿತ್ತು. "ಎಂಥ ಅವಿವೇಕಿ ಬುದ್ಧಿ ಅವನು! ಬಲ್ಲವನು ಮುಟ್ಟಬೇಡ ಎಂದರೂ ಕೇಳಲಿಲ್ಲವಲ್ಲ! ನಾನಲ್ಲಿ ಇದ್ದಿದ್ದರೆ ಅವನ ಕೆನ್ನೆಗೆ ಎರಡು ಬಾರಿಸುತ್ತಿದ್ದೆ!" ಎಂದು ಕೂಗಿದ.

ಅಂಗಳದಲ್ಲಿ ಆಡುತ್ತಿದ್ದ ಮಕ್ಕಳು ಆಟ ನಿಲ್ಲಿಸಿ ಇತ್ತ ನೋಡಿದರು. ಮರುಳಯ್ಯನ ಬಲಗೈ ಮೇಲೆದ್ದಿತ್ತು. ಅವನು ಆ ಕೈಯನ್ನು ಕಂಡ. ಇಳಿಸುವುದೂ ಅವನಿಗೆ ತೋಚಲಿಲ್ಲ.

ಗುರುಗಳು ಮೆಲ್ಲಗೆ ಕೇಳಿದರು: "ಗವಿಯಲ್ಲಿ ಹನ್ನೊಂದು ವರ್ಷ ನಿನ್ನ ಸಿಟ್ಟನ್ನು ಪರೀಕ್ಷೆ ಮಾಡಿದೆಯಲ್ಲ ಮರುಳಯ್ಯ, ಆಗ ಹಿಂದೆ ಯಾರು ಕೂತಿದ್ದರು?"