ಅಮಲ್ದಾರರ ಕುಂಡ

ನಿವೃತ್ತ ಅಮಲ್ದಾರ್ ಕೆಂಪರಾಜಯ್ಯನವರ ಹಿತ್ತಲಲ್ಲಿ ತೋಟದ ಕೆಲಸದ ದ್ಯಾವಮ್ಮ ಹತ್ತು ಕುಂಡಗಳಲ್ಲಿ ದಾಳಿಂಬೆಯ ಎಳೆಕಡ್ಡಿ ನೆಟ್ಟಿದ್ದಳು. ಅಮಲ್ದಾರರು ಅಧಿಕಾರ ಬಿಟ್ಟರೂ ತಪಾಸಣೆ ಬಿಟ್ಟಿರಲಿಲ್ಲ. ದಿನಾ ಬೆಳಿಗ್ಗೆ ಎಲ್ಲ ಕಡ್ಡಿಗಳನ್ನೂ ಕಿತ್ತು, ಬೇರು ಬಂದಿದೆಯೇ ಎಂದು ನೋಡಿ, ಮತ್ತೆ ಸಿಕ್ಕಿಸುತ್ತಿದ್ದರು. ಹತ್ತೂ ಒಣಗಿದವು.

“ಮತ್ತೆ ನೆಡು. ಒಂದು ತಿಂಗಳಲ್ಲಿ ಬೇರು ಕಾಣದಿದ್ದರೆ ಬೇರೆ ಮನೆ ನೋಡಿಕೋ!” ಎಂದು ಗದರಿದರು.

ದ್ಯಾವಮ್ಮನಿಗೆ ಆ ಕೆಲಸವೇ ಅನ್ನ. ಕೀಳಬೇಡಿ ಎಂದರೆ ಎದುರುತ್ತರವಾಗುತ್ತದೆ. ಅವಳು ಹೊಸದಾಗಿ ಹತ್ತು ಕಡ್ಡಿ ನೆಟ್ಟಳು. ಒಂದು ಕುಂಡಕ್ಕೆ ಮಾತ್ರ ಸುಣ್ಣ ಬಳಿದು, ಕುಂಕುಮವಿಟ್ಟು, ಅಮಲ್ದಾರರ ಕುರ್ಚಿಯ ಪಕ್ಕಕ್ಕೆ ತಂದಿಟ್ಟಳು.

“ಬುದ್ಧಿ, ತಾವು ಹತ್ತು ಕಡೆ ಯಾಕೆ ಬಗ್ಗಬೇಕು? ಇದೊಂದನ್ನ ನೋಡಿ ಸಾಕು. ಇದಕ್ಕೆ ಬೇರು ಬರೋ ಹೊತ್ತಿಗೆ ಉಳಿದವಕ್ಕೆಲ್ಲ ಖಂಡಿತ ಬಂದಿರ್ತದೆ.”

ಅಮಲ್ದಾರರು ಹಿಗ್ಗಿದರು. ಆ ಒಂದನ್ನೇ ದಿನವೂ ಕಿತ್ತು ನೋಡಿದರು.

ತಿಂಗಳು ಕಳೆಯಿತು. ಹಿತ್ತಲಿನ ಒಂಬತ್ತು ಕುಂಡಗಳ ತೂತಿನಿಂದ ಬೇರು ಇಣುಕಿತು. ಸುಣ್ಣದ ಕುಂಡದ್ದು ಸೌದೆಯಾಗಿತ್ತು.

“ನನ್ನದೊಂದೇ ಯಾಕೆ ಒಣಗಿತು?”

“ದಿನಾ ತಮ್ಮ ಮುಂದೆ ಹಾಜರಿ ಕೊಡ್ತಿತ್ತಲ್ಲ ಬುದ್ಧಿ, ಬೇರು ಬಿಡೋಕೆ ಅದಕ್ಕೆ ಪುರುಸೊತ್ತೆಲ್ಲಿ?”

ಅಮಲ್ದಾರರು ತಮ್ಮ ಉಗುರಿನ ಮಣ್ಣನ್ನು ನೋಡಿಕೊಂಡರು. ಮೀಸೆಯಡಿಯ ನಗು ತಡೆಯಲಾಗಲಿಲ್ಲ.

“ನೀನು ಎಲ್ಲಿಗೂ ಹೋಗಬೇಡ,” ಎಂದರು. “ಆದರೆ ಮುಂದಿನ ಸಲವೂ ನನಗೊಂದು ಕುಂಡ ಇಡು. ಇಲ್ಲದಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ.”