ಅರ್ಧ ಖಾಲಿ ಬಿಟ್ಟ ಕೇಬಲ್ಲು

"ಅವ್ವಾ, ಕೇಳಿ ಬಂದವರಿಗೆ ಇಲ್ಲ ಎನ್ನದೆ ಬದುಕಬೇಕೆಂದಿದ್ದೇನೆ. ಅಂಥ ಬದುಕಿನಲ್ಲೂ ಪಾಪ ನುಸುಳಲು ಜಾಗವಿದೆಯೆ?" ಎಂದು ಶಿಷ್ಯನೊಬ್ಬ ಆಶ್ರಮದ ಅವ್ವನನ್ನು ಕೇಳಿದ.

ಅವ್ವ ಅವನನ್ನು ಹತ್ತಿರ ಕೂರಿಸಿಕೊಂಡು ಒಂದು ಕತೆ ಹೇಳಿದರು.

ಒಬ್ಬ ಎಂಜಿನಿಯರ್ ಇದ್ದ, ಮಗಾ. ಊರ ಹೊರಗಿನ ಬಯಲಿನಲ್ಲಿ ದೊಡ್ಡ ಆಸ್ಪತ್ರೆಯೊಂದು ಏಳುತ್ತಿತ್ತು. ಆಸ್ಪತ್ರೆಯೆಂದರೆ ಒಂದು ಕಟ್ಟಡವಲ್ಲ, ಒಂದು ಪೇಟೆಯಷ್ಟು ಕಟ್ಟಡ. ಅಷ್ಟಕ್ಕೂ ಹನ್ನೊಂದು ಸಾವಿರ ವೋಲ್ಟಿನ ಕರೆಂಟು ಹಂಚುವ ನಕ್ಷೆ ಬರೆಯುವ ಕೆಲಸ ಅವನ ಪಾಲಿಗೆ ಬಂತು.

ಅವನು ಕೇಬಲ್ಲನ್ನು ಬಳೆಯ ಹಾಗೆ ಆವರಣದ ಸುತ್ತ ಹೂಳಿಸಿದ. ಬಳೆಯ ಎರಡು ತುದಿಯೂ ಗೇಟಿನ ಪಕ್ಕದ ಸ್ವಿಚ್ ಮನೆಗೆ ಬಂದು ಸೇರಿದವು. ಆಚೆ ಕಡೆ, ಬಳೆಯ ನಡುಮಧ್ಯದಲ್ಲಿ, ಒಂದು ಸ್ವಿಚ್ಚನ್ನು ಹಾಕದೆಯೇ ಬಿಟ್ಟ. ಹಾಗಾಗಿ ಎಡದ ಕೇಬಲ್ಲು ಎಡದ ಕಟ್ಟಡಗಳನ್ನು ನೋಡಿಕೊಳ್ಳುವುದು, ಬಲದ್ದು ಬಲದವನ್ನು. ಒಂದು ಮುರಿದುಬಿದ್ದ ದಿನ ನಡುವಿನ ಸ್ವಿಚ್ಚು ಹಾಕಿದರೆ ಸಾಕು, ಇನ್ನೊಂದು ಎಲ್ಲರನ್ನೂ ಹೊರುವುದು. ಆ ದಿನಕ್ಕಾಗಿಯೇ ಎರಡರ ಮೇಲೂ ಅರ್ಧ ಹೊರೆ ಮಾತ್ರ ಹಾಕಿ, ಅರ್ಧ ಖಾಲಿ ಬಿಟ್ಟಿದ್ದ.

ಆಸ್ಪತ್ರೆ ನಡೆಯತೊಡಗಿತು. ಅವನು ಅಲ್ಲಿಯೇ ಕೆಲಸಕ್ಕೆ ನಿಂತ. ಒಂದು ದಿನ ಆಡಳಿತ ನೋಡಿಕೊಳ್ಳುವ ಯಜಮಾನರು ಮೀಟರಿನ ಮುಳ್ಳು ನೋಡಿ ನಕ್ಕರು.

"ಏನ್ರೀ, ನಿಮ್ಮ ಕೇಬಲ್ಲಿಗೆ ದಿನಾ ಏಕಾದಶಿಯೇ? ಅರ್ಧ ಹೊಟ್ಟೆಯಲ್ಲೇ ಇದೆಯಲ್ಲ! ರೋಗಿಗಳ ಜೊತೆ ಬಂದವರು ಬಿಸಿಲಲ್ಲಿ ಕಲ್ಲು ಹೂಡಿ ಬೇಯಿಸಿಕೊಳ್ಳುತ್ತಿದ್ದಾರೆ. ಅವರಿಗೊಂದು ಅಡುಗೆಮನೆ ಮಾಡೋಣ, ಇದರಲ್ಲೇ ಕರೆಂಟು ಕೊಡಿ."

"ಅದು ಖಾಲಿ ಇಲ್ಲ ಸಾರ್. ಇನ್ನೊಂದು ಬಿದ್ದರೆ ಎತ್ತಿಕೊಳ್ಳಲು ಕಾದು ನಿಂತಿದೆ."

"ಬಿದ್ದಾಗ ನೋಡೋಣಂತೆ. ಹಸಿದವರು ಇವತ್ತೇ ಇದ್ದಾರಲ್ಲಪ್ಪ!"

ಕಲ್ಲು ಹೂಡಿದವರನ್ನು ಎಂಜಿನಿಯರನೂ ಕಂಡಿದ್ದ. ಕೊಟ್ಟ.

ಆಮೇಲೆ ರಕ್ತ ಶುದ್ಧಿ ಮಾಡುವ ಯಂತ್ರಗಳು ಬಂದವು. ಅವನ್ನು ನಡೆಸುವ ವೈದ್ಯೆ ಕೈಮುಗಿದೇ ಕೇಳಿದಳು. ಅದಕ್ಕೂ ಕೊಟ್ಟ. ಸುಟ್ಟಗಾಯದವರ ವಾರ್ಡು ಬಂತು, ಕೊಟ್ಟ. ಸುಳ್ಳು ಹೇಳಿ ಕೇಳಿದವರು ಒಬ್ಬರೂ ಇರಲಿಲ್ಲ, ಮಗಾ. ಎಲ್ಲರದೂ ನಿಜವಾದ ಕಷ್ಟವೇ. ಬರುವ ವರ್ಷ ದಪ್ಪ ಕೇಬಲ್ಲು ಹಾಕಿಸಿಬಿಡುತ್ತೇನೆ ಎಂದು ಅವನು ತನಗೆ ತಾನೇ ಹೇಳಿಕೊಳ್ಳುವನು. ಬರುವ ವರ್ಷ ಇನ್ನೊಬ್ಬರು ಬಂದು ಬಾಗಿಲಲ್ಲಿ ನಿಲ್ಲುವರು. ಮುಳ್ಳು ಮೇಲೇರುತ್ತ ಹೋಯಿತು. ನಮ್ಮ ಎಂಜಿನಿಯರ್ ಬಾಯಲ್ಲಿ ಇಲ್ಲ ಅನ್ನುವ ಮಾತೇ ಬರುವುದಿಲ್ಲ ಎಂದು ಜನ ಕೊಂಡಾಡಿದರು. ಅವನು ತಲೆ ತಗ್ಗಿಸಿಕೊಂಡು ಕೇಳುವನು. ಆ ಮಾತು ಅವನ ಹೊಟ್ಟೆಗೆ ತಂಪಾಗುತ್ತಿತ್ತು, ಅದನ್ನೂ ಹೇಳಬೇಕಲ್ಲ.

ಒಂದು ಬೇಸಗೆಯ ಮಧ್ಯಾಹ್ನ ನೀರಿನ ಪೈಪಿಗೆ ಮಣ್ಣು ತೆಗೆಯುತ್ತಿದ್ದ ಯಂತ್ರ ಎಡದ ಕೇಬಲ್ಲನ್ನು ಗೇಟಿನ ಬುಡದಲ್ಲೇ ಕತ್ತರಿಸಿತು. ಅರ್ಧ ಆಸ್ಪತ್ರೆ ಆರಿಹೋಯಿತು.

ಎಂಜಿನಿಯರ್ ಸ್ವಿಚ್ ಮನೆಗೆ ಓಡಿದ. ನಡುವಿನ ಸ್ವಿಚ್ಚನ್ನು ದೂರದಿಂದಲೇ ಹಾಕುವ ಗುಂಡಿ ಅಲ್ಲಿತ್ತು, ಅದನ್ನು ಒತ್ತಿದ. ಎಲ್ಲ ಕಟ್ಟಡಗಳೂ ಒಮ್ಮೆ ಹೊತ್ತಿಕೊಂಡವು. ಬಲದ ಕೇಬಲ್ಲಿಗೆ ಅಷ್ಟು ಹೊರೆ ತಾಳಲಿಲ್ಲ. ಹೊರೆ ಮೀರಿದರೆ ತಾನಾಗಿಯೇ ಆರುವ ಸ್ವಿಚ್ಚು ಅದನ್ನೂ ಆರಿಸಿತು. ಈಗ ಇಡೀ ಆಸ್ಪತ್ರೆ ಆರಿತು.

ಮತ್ತೆ ಒತ್ತಿದ. ಮತ್ತೆ ಹಾಗೆಯೇ ಆಯಿತು. ಜನರೇಟರು ಇತ್ತು. ಆದರೆ ಅದರ ಕರೆಂಟೂ ಆ ಒಂದೇ ಕೇಬಲ್ಲಿನಲ್ಲಿ ಹೋಗಬೇಕು.

ಹೊರೆ ಇಳಿಸದೆ ದಾರಿಯಿಲ್ಲವೆಂದು ಅವನಿಗೆ ತಿಳಿಯಿತು. ಫಲಕದಲ್ಲಿ ಒಂದೊಂದು ಕಟ್ಟಡಕ್ಕೂ ಒಂದೊಂದು ಗುಂಡಿ. ಅಡುಗೆಮನೆಯ ಕರೆಂಟು ತೆಗೆದ. ಬಟ್ಟೆ ಒಗೆಯುವ ಮನೆಯನ್ನು ತೆಗೆದ. ಕಚೇರಿ, ತಂಪು ಗಾಳಿಯ ಯಂತ್ರ, ಏನೇನು ತೆಗೆಯಬಹುದೋ ಎಲ್ಲ ತೆಗೆದು ಒತ್ತಿ ನೋಡಿದ. ಸಾಲಲಿಲ್ಲ. ಇನ್ನೊಂದು ಕಟ್ಟಡ ಹೋಗಲೇಬೇಕು. ಉಳಿದವುಗಳಲ್ಲೆಲ್ಲ ಮಲಗಿದ ಜೀವಗಳೇ ಇದ್ದವು.

ಅಷ್ಟರಲ್ಲಿ ಫೋನು ಬರತೊಡಗಿತು. "ರೋಗಿಯ ಹೊಟ್ಟೆ ತೆರೆದಿಟ್ಟಿದ್ದೇವೆ, ನಮ್ಮದನ್ನು ತೆಗೆಯಬೇಡಿ." "ಇವರ ರಕ್ತ ಮೈಯಿಂದ ಹೊರಗೆ ಯಂತ್ರದಲ್ಲಿದೆ, ನಿಮ್ಮ ದಮ್ಮಯ್ಯ." ಒಂದು ಕೆಳಗಿಟ್ಟರೆ ಇನ್ನೊಂದು. ಒಬ್ಬರು ಬೈದರು, ಒಬ್ಬರು ಅತ್ತರು. ಹೆಸರು ಹಿಡಿದು, ನೀವು ಒಳ್ಳೆಯವರು, ನೀವು ಇಲ್ಲ ಅನ್ನುವುದಿಲ್ಲ ಎಂದರು. ಅವನು ಪ್ರತಿಯೊಬ್ಬರಿಗೂ ಆಯಿತು, ಆಯಿತು ಎನ್ನುತ್ತಲೇ ಇದ್ದ. ಬೆರಳು ಗುಂಡಿಗಳ ಮೇಲೆ ಅತ್ತಿಂದಿತ್ತ ಅಲೆಯುತ್ತಿತ್ತು. ತಡವಾದಷ್ಟೂ ಎಲ್ಲ ಕಡೆಯೂ ಸಾವೇ.

ಕೊನೆಗೆ ಒಂದು ಕಟ್ಟಡವನ್ನು ತೆಗೆದು ಮತ್ತೆ ನಡುವಿನ ಸ್ವಿಚ್ಚು ಹಾಕಿದ. ಆ ಒಂದನ್ನು ಬಿಟ್ಟು ರೋಗಿಗಳಿದ್ದ ಕಟ್ಟಡಗಳಿಗೆಲ್ಲ ಬೆಳಕು ಬಂತು. ಬೆಳಕು ನಿಂತಿತು.

ಅವ್ವ ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ.

"ಯಾವುದನ್ನು ತೆಗೆದ, ಅವ್ವಾ?"

"ಫೋನು ಬಾರದೇ ಇದ್ದ ಒಂದೇ ಒಂದು ವಾರ್ಡನ್ನು, ಮಗಾ, ಉಸಿರಾಟದ ಯಂತ್ರ ನಿಂತುಹೋಗಿ, ಅಲ್ಲಿದ್ದ ನರ್ಸಿನ ಎರಡೂ ಕೈ ರಬ್ಬರ್ ಚೀಲ ಒತ್ತಿ ಒತ್ತಿ ರೋಗಿಯೊಳಗೆ ಉಸಿರು ತುಂಬುವುದರಲ್ಲಿದ್ದವು."