ವಾಲುವ ಬಕೆಟ್ಟು ಕಾಣದ ನೀರು

ಅಗೆಯುವ ಯಂತ್ರದ ತೋಳಿಗೆ ಸಿಕ್ಕಿಸಿದ ವಾಲುವ ಬಕೆಟ್ಟೊಂದು ವರ್ಷವರ್ಷವೂ ಒಂದೇ ಕಾಲುವೆಯ ಹೂಳೆತ್ತುತ್ತಿತ್ತು. ಎಡಕ್ಕೂ ಬಲಕ್ಕೂ ವಾಲಿ ಎರಡೂ ದಂಡೆಗಳನ್ನು ನುಣ್ಣಗೆ ಸವರುತ್ತಿತ್ತು. ಕಾಲುವೆಗೆ ನೀರು ಬಿಡುವುದು ನಿಂತ ಮೇಲೆ ಬರುತ್ತಿತ್ತು, ಮತ್ತೆ ನೀರು ಬಿಡುವ ಮುಂಚೆಯೇ ಹೋಗುತ್ತಿತ್ತು. ಈ ಸಲ ಕೆಲಸ ಮುಗಿದಾಗ ಅದು ಕೆಸರಿನಲ್ಲಿ ತುಟಿ ಹುದುಗಿಸಿ ಕೂತುಬಿಟ್ಟಿತು. ಚಾಲಕ ಖಾಜಾಸಾಬ ಎಷ್ಟು ಎಳೆದರೂ ಏಳಲಿಲ್ಲ.

ಹುಳ ಹೆಕ್ಕುತ್ತಿದ್ದ ಬೆಳ್ಳಕ್ಕಿ ಕೇಳಿತು: "ಇದೇನು ಹಟ?"

"ನಾನು ಸವರಿದ ದಂಡೆಯನ್ನು ನೀರು ಹೇಗೆ ಮುಟ್ಟುತ್ತದೋ ಒಮ್ಮೆ ನೋಡಬೇಕು. ನೋಡಿ ಹೋಗುತ್ತೇನೆ" ಎಂದಿತು ಬಕೆಟ್ಟು.

ಅಷ್ಟರಲ್ಲಿ ನೀರು ಬಿಡಲು ಕಾದಿದ್ದ ನೀರಗಂಟಿ ಮಾರೆಪ್ಪ ತೂಬಿನ ಮೇಲಿಂದ ಕೂಗಿದ: "ಖಾಜಣ್ಣಾ, ಅದು ಮ್ಯಾಲ ಬರೋ ತನಕ ನಾ ತೂಬು ಎತ್ತಂಗಿಲ್ಲ. ಕೆಳಗಿನ ಹೊಲದೋರು ಕಾಯಾಕತ್ತಾರ!"

"ಕೇಳಿದೆಯಾ?" ಎಂದಿತು ಬೆಳ್ಳಕ್ಕಿ. "ನೀನು ಇಲ್ಲಿರುವ ತನಕ ನೀರು ಬರುವುದಿಲ್ಲ."

ಬಕೆಟ್ಟು ಕೆಸರಿನಿಂದ ಎದ್ದಿತು. ಖಾಜಾಸಾಬ ಅದನ್ನು ತೋಳಿನಿಂದ ಕಳಚಿ ಲಾರಿಗೆ ಹಾಕಿದ. ಲಾರಿ ಹೊರಟಾಗ ಹಿಂದೆ ನೀರಿನ ಸದ್ದು ಕೇಳಿತು. ಎಂಥ ದಂಡೆಗೂ ವಾಲುತ್ತಿದ್ದ ಬಕೆಟ್ಟಿಗೆ, ತೋಳಿಲ್ಲದೆ ಅತ್ತ ವಾಲಲು ಮಾತ್ರ ಆಗಲಿಲ್ಲ.